ಡಿಸೆಂಬರಿನ ಮಾವು

ಬೊರಿವಲಿ, ಮುಂಬಯಿ
೧೯ ಮಾರ್ಚ್ ೧೯೭೩

ಅಕ್ಕರೆಯ ಶಕ್ಕು,

ಎಲ್ಲಕ್ಕಿಂತ ಮೊದಲು ಒಂದು ಮಾತು. ಮಿಕ್ಕಿದ್ದನ್ನು ಸಾವಕಾಶ ಓದು. ಮೇ ತಿಂಗಳಲ್ಲಿ ಹೊರಟು ಬಾ ಎಂದು ಜನವರಿಯಲ್ಲಿ ಬರೆದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಪರೇಲ್‌ನ ನಮ್ಮ ಶಾಲೆಯಲ್ಲಿ ನಿನಗಾಗಿ ಹಿಡಿದಿಟ್ಟಿದ್ದ ಕೆಲಸವನ್ನೂ ಬೇರೆಯವರಿಗೆ ಕೊಡಿ ಎಂದು ಹೇಳಿಬಿಟ್ಟಿದ್ದೇನೆ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮ ಅಪ್ಪ ಆರಾಮಾಗಿದ್ದಾರೆ, ನಾನೂ ಆರಾಮ. ಈ ಎರಡು ತಿಂಗಳಲ್ಲಿ ಇಷ್ಟು ಆರಾಮಾಗಿ ಇರಲಿಲ್ಲ ಎಂದರೂ ಸರಿಯೇ.

ತಂತಿ ಕೊಟ್ಟುಬಿಡೋಣ ಎಂದರು ನಿಮ್ಮ ಅಪ್ಪ. ನಾನೇ ಬೇಡ ಎಂದೆ. ‘ಬರಬೇಡ’ ಎಂಬ ಒಂದೇ ಶಬ್ದ ಸಮುದ್ರ ದಾಟಿ ನಿನ್ನ ಬಾಗಿಲಿಗೆ ಬಂದರೆ ನೀನು ಏನೇನು ಊಹಿಸಿಕೊಳ್ಳುತ್ತೀಯೋ. ಊಹಿಸಿಕೊಳ್ಳುವುದರಲ್ಲಿ ನೀನು ನನ್ನ ಮಗಳೇ. ಇವತ್ತು ಬಣ್ಣದ ಹಬ್ಬ, ಶಾಲೆಗೆ ರಜೆ. ಕೆಳಗೆ ಬಿಲ್ಡಿಂಗಿನ ಹುಡುಗರು ಒಬ್ಬರನ್ನೊಬ್ಬರು ಗುರುತು ಸಿಗದ ಹಾಗೆ ಮಾಡಿಕೊಂಡಿದ್ದಾರೆ. ನಾನು ಬಾಗಿಲು ಹಾಕಿಕೊಂಡು, ನೀಲಿ ಏರ್‌ಲೆಟರಿನಲ್ಲಿ ಹಿಡಿಸುವುದಿಲ್ಲವೆಂದು ಬಿಳಿ ಹಾಳೆ ಹಿಡಿದು ಕೂತಿದ್ದೇನೆ.

ನಿನ್ನ ಡಿಸೆಂಬರಿನ ಪತ್ರ ಸಂಕ್ರಾಂತಿಯ ಹಿಂದಿನ ದಿನ ನನ್ನ ಕೈ ಸೇರಿತ್ತು. ಲೋಕಲ್ ಇಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಒಡೆದು ಓದಿದೆ. ಹಿತ್ತಲ ಮರದ ಮಾವು ಹಣ್ಣಾಗಿವೆ, ನೆರೆಯವರಿಗೆಲ್ಲ ಬುಟ್ಟಿ ತುಂಬಿ ಕೊಟ್ಟೆ, ನಿನ್ನೆ ಶೀಕರಣೆ ಮಾಡಿ ಚಪಾತಿಯ ಜೊತೆ ತಿಂದೆವು ಎಂದು ಬರೆದಿದ್ದೆ. ಕಳೆದ ಜುಲೈ ತಿಂಗಳ ಚಳಿಯಲ್ಲಿ, ಉತ್ತರದ ಬಿಸಿಲು ಬೀಳುವ ಗೋಡೆಯ ಮಗ್ಗುಲಲ್ಲಿ ನೆಟ್ಟಿದ್ದರಿಂದ ಟೊಮೇಟೊ ಸಸಿಗಳು ಉಳಿದುಕೊಂಡವು ಎಂದಿದ್ದೆ. ಕೊನೆಗೆ, ಇವರ ಶಾಲೆಯ ಕರಾರು ಮುಗಿಯುತ್ತ ಬಂತು, ಇನ್ನೂ ಮೂರು ವರ್ಷಕ್ಕೆ ಸಹಿ ಹಾಕುವುದೋ ಬಿಡುವುದೋ, ಅವ್ವ, ನೀನು ಹೇಳಿದ ಹಾಗೆ, ಎಂದು ಮುಗಿಸಿದ್ದೆ.

ಡಿಸೆಂಬರಿನಲ್ಲಿ ಮಾವು. ಜುಲೈಯಲ್ಲಿ ಚಳಿ. ಉತ್ತರದಲ್ಲಿ ಸೂರ್ಯ.

ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಅದಕ್ಕೂ ಮೊದಲು ನೀನು ಬರೆದದ್ದೆಲ್ಲ ಎಷ್ಟು ಸರಿಯಾಗಿತ್ತು. ನಾನು ಪ್ರತಿ ಯುಗಾದಿಗೆ ಪಂಚಾಂಗ ನೋಡಿ ಮಳೆಯ ನಕ್ಷತ್ರಗಳನ್ನು ಬರೆದು ಕಳಿಸುತ್ತಿದ್ದೆ, ಜೊತೆಗೆ ಬೀಜದ ಪೊಟ್ಟಣ. ರೋಹಿಣಿಗೆ ನೆಲ ಹದ ಮಾಡು, ಜೂನ್‌ನ ಮೃಗಶಿರೆಗೆ, ನಮ್ಮ ಮಿರಗಕ್ಕೆ, ಹೀರೆ, ಬೆಂಡೆ, ಚವಳಿ ಊರು ಎಂದು. ನನ್ನ ಅಜ್ಜಿ ಬಾಗಲಕೋಟೆಯ ಕಡೆ ಹೇಳುತ್ತಿದ್ದದ್ದು ಅದು. ನೀನು ಎರಡು ವರ್ಷವೂ, ಮಿರಗಕ್ಕೆ ಹಾಕಿದೆ ಅವ್ವ, ಹೀರೆಬಳ್ಳಿ ಚಪ್ಪರ ತುಂಬಿದೆ, ಶ್ರಾವಣದಲ್ಲಿ ದಿನವೂ ಹೀರೇಕಾಯಿ ಪಲ್ಯ ಎಂದು ಬರೆದೆ. ಅದನ್ನು ನಾನು ಕೆಳಗಿನ ಮನೆಯ ಭಾಗವ್ವನಿಗೆ ಓದಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಆಫ್ರಿಕಾದ ಮಣ್ಣು ಕೂಡ ನಮ್ಮ ಮಿರಗದ ಮಾತು ಕೇಳಿತು ಎಂದು ಬೀಗಿದೆ.

ಅಂಥ ಹುಡುಗಿ ಇದ್ದಕ್ಕಿದ್ದಂತೆ ಡಿಸೆಂಬರಿನಲ್ಲಿ ಮಾವಿನ ಹಣ್ಣು ಕಾಣತೊಡಗಿದರೆ ತಾಯಿಯಾದವಳು ಏನು ತಿಳಿಯಬೇಕು? ಕವಿತೆ ಓದಿ ಓದಿ ನನಗೆ ಒಂದು ರೋಗ ಅಂಟಿದೆ. ಯಾವ ಮಾತನ್ನೂ ಅದು ಹೇಳಿದಷ್ಟಕ್ಕೇ ಬಿಡುವುದಿಲ್ಲ. ಹಣ್ಣು ಎಂದರೆ ಹಂಬಲ ಎಂದುಕೊಂಡೆ. ಚಳಿ ಎಂದರೆ ಮನೆಯಲ್ಲಿ ಮಾತಿಲ್ಲ ಎಂದುಕೊಂಡೆ. ಗಂಡ ಶಾಲೆಗೆ ಹೋದ ಮೇಲೆ, ಊರಾಚೆಯ ಆ ಎರಡು ಎಕರೆಯ ನಡುವೆ ಒಬ್ಬಳೇ ಕೂತು, ಬೊರಿವಲಿಯ ಮೇ ತಿಂಗಳನ್ನು ನೆನೆಸಿಕೊಂಡು, ಇಲ್ಲದ ಹಣ್ಣನ್ನು ಕೊಯ್ದು, ಇಲ್ಲದ ನೆರೆಯವರಿಗೆ ಹಂಚುತ್ತಿದ್ದಾಳೆ ನನ್ನ ಮಗಳು ಎಂದುಕೊಂಡೆ. ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆ ಎಂಬುದೂ ಅವಳಿಗೆ ತಪ್ಪಿತಲ್ಲ ಎಂದು ಸೆರಗು ಕಣ್ಣಿಗೆ ಹಚ್ಚಿದೆ. ನಿಮ್ಮ ಅಪ್ಪ ಪತ್ರ ಓದಿ, ಕನ್ನಡಕ ತೆಗೆದು ಮಡಚಿ, ಏನೂ ಹೇಳಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು.

ಇದಾವುದನ್ನೂ ನಾನು ನಿನಗೆ ಬರೆಯಲಿಲ್ಲ. ಶಾಲೆಯಲ್ಲಿ ಜೂನ್‌ನಿಂದ ಚಿಕ್ಕ ತರಗತಿಗೆ ಕಲಿಸಲು ಬಾಯಿಯವರು ಬೇಕಾಗಿದ್ದಾರೆ, ನಿಮ್ಮ ಅಪ್ಪನಿಗೆ ನಿನ್ನ ನೆನಪು ಹೆಚ್ಚಾಗಿದೆ, ಸಹಿ ಹಾಕುವುದು ಬೇಡ, ನೀನು ಮೊದಲು ಬಾ, ಅವರು ಆಮೇಲೆ ಬರಲಿ ಎಂದಷ್ಟೇ ಬರೆದೆ. ನೀನು ‘ಹೂಂ’ ಎನ್ನುತ್ತೀ ಎಂದು ನನಗೆ ಗೊತ್ತಿತ್ತು. ಯಾವತ್ತು ಬೇರೆ ಏನಾದರೂ ಅಂದಿದ್ದೀ? ಅಣವೀರಪ್ಪನವರನ್ನು ಒಪ್ಪಿಕೊಳ್ಳುತ್ತೀಯಾ ಎಂದಾಗಲೂ ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ, ‘ಹೂಂ’ ಎಂದವಳು ನೀನು. ಆ ಹೂಂ ಒಳಗೆ ಏನಿತ್ತು ಎಂದು ನಾನು ಆಗ ಕೇಳಲಿಲ್ಲ. ಮೂರು ವರ್ಷದಿಂದ ಅದು ನನ್ನ ಕಿವಿಯಲ್ಲೇ ಇದೆ.

ಆಮೇಲೆ ನಿನ್ನ ಕಡೆಯಿಂದ ಪತ್ರವೇ ಇಲ್ಲ. ಫೆಬ್ರುವರಿ ಪೂರ್ತಿ ಅಂಚೆಯವನ ಮುಖ ನೋಡುವುದೇ ಆಯಿತು.

ಹೋದ ಭಾನುವಾರ ಮಧ್ಯಾಹ್ನ ಬಾಗಿಲು ಬಡಿದವರು ಅಮೀರಸಾಬರು. ಆಫ್ರಿಕಾದ ನಿಮ್ಮೂರಿನ ಗುಜರಾತಿ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುವ ಇವರ ಹೆಸರನ್ನು ನೀನು ಒಮ್ಮೆಯೂ ಬರೆದಿರಲಿಲ್ಲ. ತಂಗಿಯ ಮದುವೆಗೆಂದು ರಜೆ ಹಾಕಿ ಬಂದಿದ್ದಾರಂತೆ. ಮನೆ ಭಾಂಡುಪ್‌ನಲ್ಲಿ. ಅಲ್ಲಿಂದ ದಾದರಿಗೆ ಬಂದು ಗಾಡಿ ಬದಲಿಸಿ, ಕಂಕುಳಲ್ಲಿ ಒಂದು ಬಟ್ಟೆಯ ಗಂಟು ಹಿಡಿದುಕೊಂಡು, ನಮ್ಮ ಬಿಲ್ಡಿಂಗಿನ ನಾಲ್ಕೂ ಬಾಗಿಲು ತಟ್ಟಿ ನಮ್ಮನ್ನು ಹುಡುಕಿದ್ದಾರೆ. ಬೆವರು ಒರೆಸಿಕೊಳ್ಳುತ್ತ ಗ್ಯಾಲರಿಯ ಕಡೆ ಕೂರಲು ಹೋದರು. ಅಲ್ಲಿ ಬೇಡ ಎಂದು ನಾನು ಕುರ್ಚಿ ತೋರಿಸಿದೆ. ಗಂಟು ಬಿಚ್ಚಿದರೆ ಉಪ್ಪಿನಕಾಯಿಯ ಡಬ್ಬಿ, ಒಣಗಿಸಿದ ಚವಳಿಕಾಯಿ, ಪುಟ್ಟ ಚೀಲದಲ್ಲಿ ಹೀರೆಬೀಜ.

ನೀರು ಕುಡಿದು ಅವರು ಹೇಳಿದ ಮೊದಲ ಮಾತೇ ಇದು: “ಅಕ್ಕೋರ, ನಿಮ್ಮ ಮಗಳ ಬಾಯಿ ಭಾಳ ಜೋರ ಐತ್ರಿ.”

ನಾನು ಬೇರೆ ಯಾರದೋ ಮನೆಗೆ ಬಂದಿದ್ದಾರೆ ಎಂದುಕೊಂಡೆ. ನಮ್ಮ ಶಕ್ಕು ಅಲ್ಲವೇ, ಲಿಂಗಾಯತರ ಹುಡುಗಿ, ಎಡಗೆನ್ನೆಯ ಮೇಲೆ ಮಚ್ಚೆ ಇದೆಯಲ್ಲ ಎಂದೆ. ಅವಳೇ ಎಂದರು. ಮೊದಲ ಸಲ ತರಕಾರಿಗೆಂದು ನಿಮ್ಮ ಹೊಲಕ್ಕೆ ಬಂದಾಗ ದಾರಿ ತಪ್ಪಿ ಪಾತಿಯ ಮೇಲೆ ಕಾಲಿಟ್ಟರಂತೆ. ನೀನು ದೂರದಿಂದಲೇ, “ಯಪ್ಪಾ, ಕಣ್ಣ ಮನ್ಯಾಗ ಬಿಟ್ಟು ಬಂದೀಯೇನು? ಸವತಿಕಾಯಿ ಬಳ್ಳಿ ಮ್ಯಾಲ ನಿಂತೀದಿ. ತೆಗಿ ಕಾಲ” ಎಂದು ಕೂಗಿದೆಯಂತೆ. ಆ ಊರಿನಲ್ಲಿ ಕನ್ನಡದ ಬೈಗಳು ಕೇಳಿ ಎಷ್ಟೋ ವರ್ಷವಾಗಿತ್ತು, ಅಳುವೇ ಬಂತು ಅಂದರು. ಇವರು ಕನ್ನಡದಲ್ಲಿ ಉತ್ತರ ಕೊಟ್ಟ ಮೇಲೆ ನೀನು ಬಾಯಿಗೆ ಸೆರಗು ಹಿಡಿದು ನಕ್ಕು, ಒಳಗೆ ಕರೆದು, ರೊಟ್ಟಿ ಬಡಿದು ಹಾಕಿದೆಯಂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅಳಿಯಂದಿರು ಎರಡು ಡಬ್ಬಿ ನೀರು ಹೊತ್ತುಕೊಂಡು ಬಂದು ತಪ್ಪು ಪಾತಿಗೆ ಸುರಿದರಂತೆ. “ಸಾಲ್ಯಾಗ ಹುಡುಗರಿಗೆ ಕಲಸ್ತೀರಿ, ನನ್ನ ಮೆಂತ್ಯ ಯಾವುದು ಕೊತಂಬರಿ ಯಾವುದು ನಿಮಗಿನ್ನೂ ತಿಳಿಯವೊಲ್ದು” ಎಂದೆಯಂತೆ, ಹೊರಗಿನವರ ಎದುರಿಗೇ. ಅದಕ್ಕೆ ಅವರು ಏನೆಂದರು ಎಂದು ನಾನು ಗಾಬರಿಯಿಂದ ಕೇಳಿದೆ. ಅಮೀರಸಾಬರು ಕೈಯಾಡಿಸಿ ಹೇಳಿದರು: “ಏನಂತಾರ್ರಿ ಪಾಪ, ಹೂಂ ಅಂದ್ರು. ಆ ಮನ್ಯಾಗ ಮಾಸ್ತರ್ದು ಒಂದ ಮಾತ ನೋಡ್ರಿ, ಹೂಂ. ಅನ್ನೋದು ನಗಕೋತ ಅಂತಾರ, ಅದೊಂದು ಛಲೋ.”

ನಿಮ್ಮ ಅಪ್ಪ ಅಷ್ಟು ಹೊತ್ತು ಪೇಪರ್ ಹಿಡಿದುಕೊಂಡಿದ್ದರು. ಅದನ್ನು ತೊಡೆಯ ಮೇಲೆ ಇಳಿಸಿ, “ಬೈತಾಳಂದ್ರ ಆರಾಮ ಅದಾಳ ಬಿಡು” ಎಂದರು. ಎರಡು ತಿಂಗಳಲ್ಲಿ ಅವರು ನಿನ್ನ ವಿಷಯವಾಗಿ ಆಡಿದ ಮೊದಲ ಮಾತು.

ನನಗೆ ಇನ್ನೂ ಸಮಾಧಾನವಿಲ್ಲ. ಅಮೀರಸಾಬರ ಎದುರು ನಿನ್ನ ಮಾನ ಉಳಿಸಲೆಂದೋ ಏನೋ, ನಮ್ಮ ಮಗಳು ಮೊದಲಿನಿಂದಲೂ ಬೆಳೆಯುವುದರಲ್ಲಿ ಗಟ್ಟಿ, ಜೂನ್‌ನಲ್ಲಿ ಹೀರೆ ಊರಿ ಶ್ರಾವಣಕ್ಕೆ ಚಪ್ಪರ ತುಂಬಿಸುತ್ತಾಳೆ ಎಂದೆ. ಅವರು ಚಹದ ಬಟ್ಟಲು ಕೆಳಗಿಟ್ಟರು.

“ಜೂನದಾಗ?” ಎಂದರು. “ಜೂನ, ಜುಲೈ ಅಲ್ಲಿ ಕಡೂ ಥಂಡಿ ಅಕ್ಕೋರ. ಮುಂಜಾನೆ ಹುಲ್ಲಿನ ಮ್ಯಾಲ ಉಪ್ಪ ಚೆಲ್ಲಿದಂಗ ಬರ್ಫ ಬಿದ್ದಿರತೈತಿ. ನಾ ಎರಡು ಸ್ವೆಟರ್ ಹಾಕ್ಕೊಂಡು ಮಷೀನ ತುಳೀತೀನಿ. ಹೀರಿ ಬಳ್ಳಿ ಎಲ್ಲಿಂದ ಬರಬೇಕ್ರಿ? ಮಳಿ ಶುರು ಆಗೋದ ದೀಪಾವಳಿ ಆದಮ್ಯಾಲ.”

ಹಾಗಾದರೆ ಮಾವು, ಎಂದೆ.

“ಅದ ಖರೇ. ಮಾವು ಡಿಸೆಂಬರದಾಗ. ನಿಮ್ಮ ಮಗಳ ಮರದ್ದು ನಾನೂ ತಿಂದೇನಲ್ಲ. ನಾರು ಜಾಸ್ತಿ, ಆದ್ರ ಸಕ್ಕರಿ.”

ಶಕ್ಕು, ಆ ಕ್ಷಣದಲ್ಲಿ ನನಗೆ ಏನಾಯಿತು ಎಂದು ಬರೆಯಲು ಬರುವುದಿಲ್ಲ. ಮಾವು ಬರೀ ಮಾವಾಗಿತ್ತು. ಚಳಿ ಬರೀ ಚಳಿಯಾಗಿತ್ತು. ಭೂಮಧ್ಯರೇಖೆಯ ಆಚೆ ಋತುಗಳು ತಿರುವುಮುರುವು ಎಂದು ನಾನು ಹೈಸ್ಕೂಲಿನಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಆದರೆ ಅದು ಪುಸ್ತಕದ ಭೂಮಿ. ನನ್ನ ಮಗಳು ಅಂಗಳ ಗುಡಿಸುವ ಭೂಮಿಗೂ ಅದೇ ಲೆಕ್ಕ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಆಫ್ರಿಕಾ ಎಂದರೆ ಬಾರಾ ತಿಂಗಳೂ ಬಿಸಿಲು ಎಂದು ತಿಳಿದು, ನಿನ್ನ ಪೆಟ್ಟಿಗೆಯಲ್ಲಿ ಇಡಲು ತಂದಿದ್ದ ಉಣ್ಣೆಯ ಶಾಲನ್ನು ತೆಗೆದು ಹೊರಗಿಟ್ಟವಳು ನಾನೇ ಅಲ್ಲವೆ.

ಮರುದಿನ ಶಾಲೆಯಲ್ಲಿ, ಭೂಗೋಳ ಕಲಿಸುವ ಬಂಡೆಪ್ಪ ಮಾಸ್ತರರಿಗೆ ಇದನ್ನು ಹೇಳಿದೆ. ಅವರು ಕಪಾಟಿನಿಂದ ಗೋಳ ತಂದು, ಧೂಳು ಊದಿ, ನಿನ್ನ ಊರಿನ ಮೇಲೆ ಬೆರಳಿಟ್ಟು ಸಾವಕಾಶ ತಿರುಗಿಸಿ ತೋರಿಸಿದರು. ಸೂರ್ಯ ಅಲ್ಲಿಯವರಿಗೆ ವರ್ಷದ ಹೆಚ್ಚಿನ ಕಾಲ ಉತ್ತರದಲ್ಲೇ ಇರುತ್ತಾನಂತೆ. ಆಮೇಲೆ ಸ್ಟಾಫ್ ರೂಮ್ ತುಂಬ ಕೇಳುವ ಹಾಗೆ, “ಬಾಯಾರ, ಎಂ.ಎ. ಮಾಡೂಮುಂದ ಸೂರ್ಯನ ಬಗ್ಗೆ ಏನೂ ಕೇಳಲಿಲ್ಲೇನ್ರಿ ನಿಮಗ?” ಎಂದರು. ಕೇಳಿದ್ದರು, ಬರೀ ಉಪಮೆಯಲ್ಲಿ, ಎಂದೆ. ಎಲ್ಲರೂ ನಕ್ಕರು. ನಾನೇ ಎಲ್ಲರಿಗಿಂತ ಹೆಚ್ಚು ನಕ್ಕೆ. ಅಷ್ಟು ನಗು ಎಲ್ಲಿತ್ತೋ.

ಆದರೆ ಆ ದಿನ ಸಂಜೆ ಲೋಕಲಿನಲ್ಲಿ ನಿಂತಾಗ ಇನ್ನೊಂದು ಹೊಳೆಯಿತು. ಹಾಗಾದರೆ ಆ ಎರಡು ವರ್ಷದ ಹೀರೇಕಾಯಿ? ನಾನು ಬರೆದೆನೆಂದು ನೀನು ಜೂನ್ ತಿಂಗಳಲ್ಲಿ, ಆ ಚಳಿಯಲ್ಲಿ, ಬೀಜ ಊರಿದ್ದೀಯ. ಒಂದೋ ಅವು ಏಳಲೇ ಇಲ್ಲ, ಇಲ್ಲವೇ ಎದ್ದವು ಬೆಳಿಗ್ಗೆ ನೋಡುವಷ್ಟರಲ್ಲಿ ಸುಟ್ಟಂತೆ ಕಪ್ಪಾಗಿದ್ದವು. ಒಂದು ವರ್ಷ ಹೀಗಾದ ಮೇಲೂ, ಮರುವರ್ಷ ಮತ್ತೆ ಮಿರಗ ಬಂದಾಗ ಮತ್ತೆ ಊರಿದ್ದೀಯ, ಯಾಕೆಂದರೆ ಅವ್ವ ಹೇಳಿದ್ದಾಳೆ. ಬರಿ ಪಾತಿಯ ಮುಂದೆ ನಿಂತು, ಒಳಗೆ ಬಂದು, ಚಪ್ಪರ ತುಂಬಿದೆ ಎಂದು ನನಗೆ ಬರೆದಿದ್ದೀಯ. ನಾನು ಅದನ್ನು ಊರಿಗೆಲ್ಲ ಓದಿದೆ. ನೀನು ಸುಳ್ಳು ಬರೆದಾಗ ನಂಬಿದೆ, ನಿಜ ಬರೆದ ಒಂದೇ ಸಲ ನಿನಗೆ ಬುದ್ಧಿ ಕೆಟ್ಟಿತು ಎಂದು ಹೆದರಿದೆ. ಪತ್ರ ಓದುವುದರಲ್ಲಿ ನನಗೆ ಯಾರಾದರೂ ಪಾಸು ಮಾರ್ಕು ಕೊಟ್ಟಾರೆಯೇ?

ಇದಕ್ಕಾಗಿ ನಿನ್ನ ಮೇಲೆ ಸಿಟ್ಟಿಲ್ಲ. ಬೇಸರ ಬಂದಿತ್ತು, ಅಂಧೇರಿ ಬರುವವರೆಗೆ. ಆಮೇಲೆ ಅಮೀರಸಾಬರು ಹೊರಡುವಾಗ ಹೇಳಿದ ಮಾತು ನೆನಪಾಯಿತು. ಮೂರನೆಯ ವರ್ಷ ನೀನು ನನ್ನ ಬೀಜಗಳನ್ನು ಮಿರಗಕ್ಕೆ ಮುಟ್ಟಲೇ ಇಲ್ಲವಂತೆ. ಡಬ್ಬಿಯಲ್ಲಿ ಮುಚ್ಚಿಟ್ಟು, ದೀಪಾವಳಿ ಕಳೆದು ಮೊದಲ ಮಳೆ ಬಿದ್ದಾಗ ಊರಿದೆಯಂತೆ. “ನಮ್ಮವ್ವನ ಪಂಚಾಂಗ ಬೊರಿವಲ್ಯಾಗ ಛಲೋ ನಡೀತೈತಿ, ಇಲ್ಲಿ ನಂದು ನಾನ ಬರಕೊಂಡೀನಿ” ಎಂದು ಅವರ ಎದುರು ಹೇಳಿದೆಯಂತೆ. ಈಗ ಗುಜರಾತಿ ಹೆಂಗಸರು ನಿನ್ನ ಬೇಲಿಯ ಮುಂದೆ ಮೆಂತ್ಯಕ್ಕೆ, ಹೀರೇಕಾಯಿಗೆ ಪಾಳಿ ಹಚ್ಚುತ್ತಾರಂತೆ. ಅಂದರೆ ನನ್ನ ಮಗಳು ನನ್ನ ಮಾತು ಮೀರಿದ್ದಾಳೆ. ಮಾಟುಂಗಾದ ಸಂಬಂಧಿಕರು ಕೇಳಿದರೆ ಇದನ್ನು ಸುಖದ ಸುದ್ದಿ ಎನ್ನುತ್ತಾರೋ ಇಲ್ಲವೋ. ನನಗಂತೂ ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದ ಹಾಗಾಯಿತು.

ಹಾಗಿದ್ದೂ ನನ್ನ ಜನವರಿಯ ಪತ್ರಕ್ಕೆ ನೀನು ಹೂಂ ಎನ್ನಲಿದ್ದೆ. ಅದೂ ನನಗೆ ಗೊತ್ತಾಯಿತು. “ಅವ್ವಂದು ಪತ್ರ ಬಂದೈತಿ, ಮೇ ತಿಂಗಳದಾಗ ಹೋಗಬೇಕು” ಎಂದು, ಗಂಟು ಇಸಿದುಕೊಳ್ಳಲು ಬಂದ ಅಮೀರಸಾಬರಿಗೆ ಹೇಳಿದೆಯಂತೆ. ಹೇಳುವಾಗ ಮೊಳಕಾಲೂರಿ ಕೂತು ಕೋಸಿನ ಬೀಜ ಚೆಲ್ಲಿ ಮಣ್ಣು ಮುಚ್ಚುತ್ತಿದ್ದೆಯಂತೆ. ಈಗ ಹಾಕಿದರೆ ಜುಲೈಗೆ ಗಡ್ಡೆ ಕಟ್ಟುತ್ತದೆ ಎಂದು ಅವರಿಗೆ ವಿವರಿಸಿದೆಯಂತೆ. ಅವರು ಇದನ್ನು ಹೇಳಿ, ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡಿ ಕೇಳಿದರು: “ಮೇದಾಗ ಹೋಗಾಕಿ ಜುಲೈದ ಕೋಸು ಹಾಕತಾಳೇನ್ರಿ ಅಕ್ಕೋರ?”

ಬಂಡೆಪ್ಪ ಮಾಸ್ತರರ ಗೋಳ ನೋಡಿದ ದಿನವೇ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ನನ್ನ ಮಗಳು ಬರುವುದಿಲ್ಲ, ಆ ಜಾಗಕ್ಕೆ ಬೇರೆಯವರನ್ನು ನೋಡಿ ಎಂದೆ. ಇಷ್ಟು ದಿನ ಕಾಡಿ ಬೇಡಿ ಹಿಡಿಸಿಟ್ಟಿರಲ್ಲ ಬಾಯಿಯವರೇ ಎಂದರು. ಅಲ್ಲಿ ಕೋಸು ಹಾಕಿದ್ದಾಳೆ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಈಗ ನಾನು ನಿನಗೆ ಹೇಳಬೇಕಾದದ್ದು ಇಷ್ಟೇ. ಬರಬೇಡ ಎಂದು ಬರೆದೆನೆಂದು ಅಲ್ಲೇ ಇರಬೇಡ. ಅದೂ ನನ್ನ ಇನ್ನೊಂದು ಮಿರಗವಾದೀತು. ಸಹಿ ಹಾಕುವುದೋ ಬಿಡುವುದೋ ಎಂಬುದನ್ನು ನೀವಿಬ್ಬರೂ ನಿಮ್ಮ ಹಿತ್ತಲಲ್ಲಿ ನಿಂತು ನೋಡಿಕೊಳ್ಳಿ. ಬರಬೇಕೆನ್ನಿಸಿದರೆ ಕೋಸು ಕೊಯ್ದು, ಮಾರಿ, ತಿಂದು ಬಾ. ನನಗೆ ನಿನ್ನ ಹೂಂ ಬೇಡ. ‘ಊಹೂಂ’ ಎಂದು ಒಂದು ಸಲ ಬರೆದು ಕಳಿಸು, ಕಣ್ಣಿಂದ ನೋಡುತ್ತೇನೆ. ಈ ಯುಗಾದಿಗೆ ಮಳೆಯ ನಕ್ಷತ್ರ ಬರೆಯುವುದಿಲ್ಲ. ಬದಲಿಗೆ ನಿನ್ನ ತಿಂಗಳುಗಳನ್ನು ನೀನು ನನಗೆ ಬರೆ, ಯಾವಾಗ ಏನು ಹಾಕುತ್ತೀ, ಯಾವಾಗ ಕೀಳುತ್ತೀ. ಸತ್ತ ಬೀಜದ ಸುದ್ದಿಯನ್ನೂ ಬರೆ. ಇಲ್ಲಿ ನಾನು ಬೆವರುತ್ತಿರುವಾಗ ಅಲ್ಲಿ ನಿನಗೆ ಶಾಲು ಬೇಕು ಎಂದು ನೆನಪಿಡಲು ಕಲಿಯುತ್ತಿದ್ದೇನೆ. ಶಾಲನ್ನು ಅಮೀರಸಾಬರ ಕೈಯಲ್ಲಿ ಕಳಿಸುತ್ತೇನೆ.

ಉಪ್ಪಿನಕಾಯಿಗೆ ಉಪ್ಪು ಹೆಚ್ಚಾಗಿದೆ. ಇದು ಅವಳ ಕೈಯೇ ಎಂದು ನಿಮ್ಮ ಅಪ್ಪ ದಿನವೂ ಹಾಕಿಸಿಕೊಳ್ಳುತ್ತಾರೆ. ಅಣವೀರಪ್ಪನವರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಮೆಂತ್ಯದ ಎಲೆ ಮೂರು ಮೂರಾಗಿ ಇರುತ್ತದೆ ಎಂದೂ ತಿಳಿಸು.

ಈಗ ನೆಮ್ಮದಿಯಾಗಿರುವ,
ನಿನ್ನ ಅವ್ವ

ತಾ.ಕ.: ನೀನು ಆಫ್ರಿಕಾಕ್ಕೆ ಹೊರಟ ತಿಂಗಳೇ ನಿನ್ನ ಮಲಗುವ ಕಾಟನ್ನು ಯಾರಿಗೋ ಕೊಟ್ಟುಬಿಟ್ಟೆವು, ಮನೆಯಲ್ಲಿ ಜಾಗವಾಯಿತು ಎಂದು ನಾನು ಬರೆದಿದ್ದೆ. ಅದು ಸುಳ್ಳು. ಈ ಮೂರು ವರ್ಷ ಅದು ಗ್ಯಾಲರಿಯಲ್ಲೇ ಇತ್ತು, ಹಾಸಿಗೆ, ದಿಂಬು, ಒಗೆದ ಚಾದರದ ಸಮೇತ. ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ನಿನ್ನೆ ಭಾಗವ್ವನ ಸೊಸೆಯ ಬಾಣಂತನಕ್ಕೆಂದು ಕೆಳಗೆ ಇಳಿಸಿ ಕೊಟ್ಟೆವು. ಖಾಲಿಯಾದ ಜಾಗಕ್ಕೆ ಎರಡು ಹಳೆಯ ಡಬ್ಬಿಯಲ್ಲಿ ಮಣ್ಣು ತುಂಬಿ ನಿನ್ನ ಹೀರೆಬೀಜ ಊರಿದ್ದೇನೆ. ಇದು ಯಾವ ಮಳೆಯೇ ಎಂದು ನಿಮ್ಮ ಅಪ್ಪ ಕೇಳಿದರು. ಶಕ್ಕೂನ ಮಳೆ ಎಂದೆ.